ಬಿಟ್ಟ ಮೇಲೆ ಬೀಳುವ ಕನಸು

ಗಾಂಜಾ ಬಿಟ್ಟು ನಾಲ್ಕನೇ ರಾತ್ರಿ. ಮೂರು ಗಂಟೆಗೆ ದಡಬಡಿಸಿ ಎಚ್ಚರವಾಗುತ್ತದೆ. ದಿಂಬೆಲ್ಲ ಬೆವರಿನಿಂದ ಒದ್ದೆ. ಆಗಷ್ಟೇ ಬಿದ್ದ ಕನಸು ಕಣ್ಣಿಗೆ ಕಟ್ಟಿದಂತಿದೆ: ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ಗೆಳೆಯರ ಜೊತೆ ಕೂತು ಮತ್ತೆ ಸೇದಿಬಿಟ್ಟ ಹಾಗೆ. ಬೆರಳು ಮೂಸಿ ನೋಡಿಕೊಂಡು, ವಾಸನೆಯಿಲ್ಲ ಎಂದು ಖಾತ್ರಿಯಾದ ಮೇಲೆಯೇ ಎದೆಬಡಿತ ಇಳಿಯುವುದು. ವರ್ಷಗಟ್ಟಲೆ ದಿನವೂ ಸೇದಿ ಒಮ್ಮೆಲೇ ನಿಲ್ಲಿಸಿದವರು ಹೇಳಿಕೊಳ್ಳುವ ಅನುಭವ ಹೆಚ್ಚುಕಡಿಮೆ ಹೀಗೇ ಇರುತ್ತದೆ. "ಇದು ಬರೀ ಸೊಪ್ಪು ಕಣೋ, ಇದಕ್ಕೆಲ್ಲ ಅಡಿಕ್ಷನ್ ಆಗಲ್ಲ" ಎಂದು ಮೊದಲ ದಮ್ಮು ಎಳೆಸಿದ ಗೆಳೆಯ ಈ ರಾತ್ರಿಯ ಬಗ್ಗೆ ಏನೂ ಹೇಳಿರುವುದಿಲ್ಲ.

ಗೆಳೆಯನೊಬ್ಬನನ್ನೇ ದೂರಿ ಫಲವಿಲ್ಲ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಗೆ ಗಾಂಜಾ ಬಿಟ್ಟಾಗಿನ ಈ ಪರದಾಟ ಸೇರ್ಪಡೆಯಾದದ್ದೇ 2013ರಲ್ಲಿ. ಸಿಡುಕು, ಆತಂಕ, ನಿದ್ದೆಗೇಡು, ಊಟ ಸೇರದಿರುವುದು, ಮಂಕು, ತಲೆನೋವು, ಬೆವರು. ಬಿಟ್ಟ ಒಂದೆರಡು ದಿನದಲ್ಲಿ ಶುರುವಾಗಿ, ಮೊದಲ ವಾರದಲ್ಲೇ ಜೋರಾಗಿ, ಎರಡು ಮೂರು ವಾರದಲ್ಲಿ ಇಳಿಯುತ್ತವೆ. ನಿದ್ದೆಯ ಗೋಳು ಮಾತ್ರ ಇನ್ನಷ್ಟು ದಿನ ಎಳೆಯಬಹುದು. ವಿಪರೀತ ಕುಡಿಯುವವರು ದಿಢೀರನೆ ಬಿಟ್ಟಾಗ ಫಿಟ್ಸ್ ಬಂದು ಜೀವಕ್ಕೇ ಸಂಚಕಾರವಾಗುವುದುಂಟು. ಗಾಂಜಾದಲ್ಲಿ ಅಂಥದ್ದು ನಡೆಯದ ಕಾರಣಕ್ಕೇ ಇರಬೇಕು, ಇದನ್ನು ಬಹಳ ಕಾಲ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಇದರ ಹಿಂದಿನ ರಸಾಯನಶಾಸ್ತ್ರದಲ್ಲಿ ನಮಗೆ ಪರಿಚಿತವಾದ ಒಂದು ಪದವಿದೆ. ಗಾಂಜಾದಲ್ಲಿ ಮತ್ತು ಬರಿಸುವ ಟಿಎಚ್‌ಸಿ ಎಂಬ ವಸ್ತುವನ್ನು ಇಸ್ರೇಲಿನ ರಫಾಯೆಲ್ ಮೆಶೂಲಮ್ ಮತ್ತು ಯೆಹಿಯೆಲ್ ಗಾವೊನಿ 1964ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದು ಹೋಗಿ ಅಂಟಿಕೊಳ್ಳುವ ಗ್ರಾಹಕಗಳು ಮಿದುಳಿನಲ್ಲಿವೆ ಎಂದು ಗೊತ್ತಾಗಲು 1988ರವರೆಗೆ ಕಾಯಬೇಕಾಯಿತು. ಎಲ್ಲೋ ಬೆಳೆಯುವ ಗಿಡಕ್ಕಾಗಿ ಮಿದುಳು ಬಾಗಿಲು ಮಾಡಿಟ್ಟುಕೊಂಡು ಕೂತಿರುತ್ತದೆಯೇ? ದೇಹದ್ದೇ ಆದ ಯಾವುದೋ ವಸ್ತು ಆ ಬಾಗಿಲಲ್ಲಿ ಓಡಾಡುತ್ತಿರಬೇಕು. 1992ರಲ್ಲಿ ಮೆಶೂಲಮ್ ತಂಡ ಹಂದಿಯ ಮಿದುಳಿನಲ್ಲಿ ಅದನ್ನು ಪತ್ತೆಹಚ್ಚಿ 'ಆನಂದಮೈಡ್' ಎಂದು ಹೆಸರಿಟ್ಟಿತು. ಹೌದು, ಸಂಸ್ಕೃತದ ಆನಂದವೇ.

ದೇಹ ಈ ಆನಂದಮೈಡನ್ನು ಬೇಕಾದಾಗ, ಬೇಕಾದಷ್ಟೇ ತಯಾರಿಸಿ, ಕೆಲಸ ಮುಗಿದೊಡನೆ ಒಡೆದುಹಾಕುತ್ತದೆ. ಟಿಎಚ್‌ಸಿ ಹಾಗಲ್ಲ, ಬಂದ ನೆಂಟ ಏಳುವ ಮಾತೇ ಆಡುವುದಿಲ್ಲ. ದಿನವೂ ಇದೇ ಆದರೆ ಮಿದುಳು ಬೇಸತ್ತು ಗ್ರಾಹಕಗಳನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ದಿನಾ ಸೇದುವವರ ಮಿದುಳಿನ ಪೆಟ್ ಸ್ಕ್ಯಾನ್ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಮಿದುಳಿನ ಹೊರಪದರದಲ್ಲಿ ಈ ಗ್ರಾಹಕಗಳು ಕುಗ್ಗಿರುವುದು ಅದರಲ್ಲಿ ಕಂಡಿತು. ಸುಮಾರು ನಾಲ್ಕು ವಾರ ಸೇದದೆ ಇದ್ದವರಲ್ಲಿ ಅವು ಮತ್ತೆ ಏರಿದ್ದೂ ಕಂಡಿತು. ಮೊದಲ ದಿನಗಳ ಸಂಕಟಕ್ಕೆ ಅರ್ಥ ಸಿಗುವುದು ಇಲ್ಲಿ. ಗಿಡದ ಆನಂದ ನಿಂತಿದೆ, ಸ್ವಂತದ ಆನಂದಕ್ಕೆ ಬಾಗಿಲು ಸಾಲದು. ಕನಸಿನ ಕಥೆಯೂ ಇಂಥದ್ದೇ. ಕನಸು ಬೀಳುವ ನಿದ್ದೆಯನ್ನು ಟಿಎಚ್‌ಸಿ ಅದುಮಿಟ್ಟಿರುತ್ತದೆ, ಬಿಟ್ಟೊಡನೆ ಅದು ಬಡ್ಡಿ ಸಮೇತ ವಸೂಲಿಗೆ ಬರುತ್ತದೆ.

ಮನೆಯವರು ಎಡವುವುದು ಇನ್ನೊಂದು ಕಡೆ. ಟಿಎಚ್‌ಸಿ ಕೊಬ್ಬಿನಲ್ಲಿ ಕರಗುವ ವಸ್ತು. ಮೈಯ ಕೊಬ್ಬಿನಲ್ಲಿ ಸೇರಿಕೊಂಡು ಅಲ್ಲಿಂದ ಚೂರುಚೂರೇ ಹೊರಬರುತ್ತದೆ. ವರ್ಷಗಟ್ಟಲೆ ಸೇದಿದವರ ಮೂತ್ರದಲ್ಲಿ ಅದರ ಕುರುಹು ವಾರಗಟ್ಟಲೆ, ಕೆಲವೊಮ್ಮೆ ತಿಂಗಳು ಕಳೆದರೂ ಸಿಗುತ್ತದೆ. ಅಪ್ಪ ಮೆಡಿಕಲ್ ಶಾಪಿನಿಂದ ಪರೀಕ್ಷೆಯ ಕಿಟ್ ತರುತ್ತಾರೆ. ಇಪ್ಪತ್ತನೇ ದಿನ ಪಾಸಿಟಿವ್. "ಮತ್ತೆ ಶುರು ಮಾಡಿದ್ದೀಯ, ಅಲ್ವಾ?" ಮಗ ನಿಜವನ್ನೇ ಹೇಳಿರಬಹುದು, ಕಿಟ್‌ನ ಪಟ್ಟಿಗೆ ಇವತ್ತಿನ ಹೊಗೆಗೂ ಹೋದ ತಿಂಗಳ ಹೊಗೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಿಟ್ಟರೂ ಅಷ್ಟೇ ಬಿಡದಿದ್ದರೂ ಅಷ್ಟೇ ಎಂದಾದ ಮೇಲೆ ಬಿಟ್ಟು ಏನು ಪ್ರಯೋಜನ ಎಂದು ಹುಡುಗ ಮತ್ತೆ ಟ್ಯಾಂಕಿನ ಹಿಂದಕ್ಕೆ ಹೋದರೆ, ಅದರಲ್ಲಿ ಕಿಟ್‌ನ ಪಾಲೂ ಇರುತ್ತದೆ.

ಗಾಂಜಾ ಬಿಡಿಸುವುದಕ್ಕೆಂದೇ ಅಂಗೀಕೃತವಾದ ಮಾತ್ರೆ ಇನ್ನೂ ಇಲ್ಲ. ಇರುವುದು ಮಾತಿನ ಚಿಕಿತ್ಸೆ. ಉಪದೇಶ ಎಂದುಕೊಂಡು ಮುಖ ತಿರುಗಿಸಬೇಕಿಲ್ಲ, ಅದು ಲೆಕ್ಕಾಚಾರದ ಕೆಲಸ. ದಿನದ ಯಾವ ಹೊತ್ತಿಗೆ ಕೈ ತುರಿಸುತ್ತದೆ, ಯಾರ ಫೋನ್ ಬಂದಾಗ, ಯಾವ ರಸ್ತೆಯಲ್ಲಿ ಹೋದಾಗ? ಸಂಜೆ ಆರೂವರೆಗೆ ಎಂದಾದರೆ ಆ ಆರೂವರೆಗೆ ಬೇರೇನಿಡುವುದು? ಅಮೆರಿಕದ ಮೂರು ಊರುಗಳಲ್ಲಿ 450 ಜನರ ಮೇಲೆ ನಡೆದು 2004ರಲ್ಲಿ ವರದಿಯಾದ ಅಧ್ಯಯನವೊಂದರಲ್ಲಿ, ಇಂಥ ಒಂಬತ್ತು ಭೇಟಿ ಪಡೆದವರಲ್ಲಿ ನಾಲ್ಕು ತಿಂಗಳ ಹೊತ್ತಿಗೆ ಪೂರ್ತಿ ಬಿಟ್ಟವರು ನೂರಕ್ಕೆ ಸುಮಾರು 23. ಎರಡೇ ಭೇಟಿಯವರಲ್ಲಿ 9. ಚಿಕಿತ್ಸೆಗೆ ಕಾಯುತ್ತಾ ಕೂತವರಲ್ಲಿ 4. ಇಪ್ಪತ್ಮೂರು ಕಡಿಮೆ ಅನ್ನಿಸಬಹುದು. ಆದರೆ ಸ್ವಂತ ಛಲದಿಂದಲೇ ಬಿಡುತ್ತೇನೆ ಎನ್ನುವವರು ಆ ನಾಲ್ಕರ ಮೇಲೂ ಒಮ್ಮೆ ಕಣ್ಣಾಡಿಸಬೇಕು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಸಿಗರೇಟಿನ ತಂಬಾಕು ಉದುರಿಸಿ, ಅಂಗೈಯಲ್ಲಿ ಸೊಪ್ಪಿನ ಜೊತೆ ತಿಕ್ಕಿ, ಮತ್ತೆ ಅದೇ ಕೊಳವೆಗೆ ತುಂಬುವುದು ಇಲ್ಲಿನ ರೂಢಿ. ಹಾಗಾಗಿ ಬಿಡುವವನು ಎಷ್ಟೋ ಸಲ ಗೊತ್ತಿಲ್ಲದೆ ನಿಕೊಟಿನ್ನನ್ನೂ ಬಿಡುತ್ತಿರುತ್ತಾನೆ. ಗಾಂಜಾ ಬಿಟ್ಟು ಸಿಗರೇಟು ಉಳಿಸಿಕೊಂಡರಂತೂ ಪ್ರತಿ ಸಿಗರೇಟೂ ಹಳೆಯ ಚಟವನ್ನು ನೆನಪಿಸುತ್ತದೆ. ಎರಡನ್ನೂ ವೈದ್ಯರ ಮುಂದೆ ಹೇಳಿಕೊಳ್ಳುವುದು ಒಳ್ಳೆಯದು.

ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ, ಭಂಗಿಯೂ ಸೇರಿ ಗಾಂಜಾ ಬಗೆಯ ಪದಾರ್ಥಗಳಿಂದ ತೊಂದರೆಗೆ ಸಿಲುಕಿ ನೆರವು ಬೇಕಾಗಿರುವ ಭಾರತೀಯರು ಸುಮಾರು 72 ಲಕ್ಷ. ಇವರಲ್ಲಿ ಬಹಳ ಜನ ಆಸ್ಪತ್ರೆಯ ಮೆಟ್ಟಿಲು ಹತ್ತದಿರಲು ಪೊಲೀಸರ ಭಯವೂ ಒಂದು ಕಾರಣ. 1985ರ ಮಾದಕವಸ್ತು ಕಾಯ್ದೆಯ 64ಎ ಕಲಮಿನ ವಿಷಯ ಹೆಚ್ಚಿನವರ ಕಿವಿಗೆ ಬಿದ್ದಿರುವುದಿಲ್ಲ. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಒಪ್ಪಿದರೆ ಅದು ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಅಷ್ಟು ದೂರ ಹೋಗಲಾಗದವರು 14446 ಎಂಬ ವ್ಯಸನಮುಕ್ತಿ ಸಹಾಯವಾಣಿಗೆ ಫೋನ್ ಮಾಡಬಹುದು. ಬೆಳಗಿನ ಜಾವ ಮೂರು ಗಂಟೆಗೆ, ದಿಂಬು ಒದ್ದೆಯಾಗಿ ಎದ್ದು ಕೂತವರಿಗೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಇದೆ. ಅದು ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.