ಟ್ರ್ಯಾಕ್ಟರು ನಡೆಸುವವರ ಲೈಸೆನ್ಸಿನ ನವೀಕರಣ

ಬಿತ್ತನೆಗೆ ಮುಂಚಿತವಾಗಿ ನೇಗಿಲು ಕುಂಟೆಗಳನ್ನು ಸರಿಪಡಿಸಿಕೊಳ್ಳುವ ಬೇಸಾಯಗಾರರು, ಟ್ರ್ಯಾಕ್ಟರು ನಡೆಸುವವನ ಲೈಸೆನ್ಸಿನ ಅವಧಿಯನ್ನೂ ನೋಡಿಕೊಳ್ಳುವುದು ಅತ್ಯವಶ್ಯಕ.

ಹಿಂದೆ ಅವಧಿ ತೀರಿದ ತರುವಾಯವೂ 30 ದಿವಸಗಳವರೆಗೆ ಲೈಸೆನ್ಸು ಊರ್ಜಿತವಾಗಿರುತ್ತಿತ್ತು. 2019ನೆಯ ಇಸವಿಯ ಮೋಟಾರು ವಾಹನಗಳ ತಿದ್ದುಪಡಿ ಕಾನೂನಿನಿಂದ ಆ ರಿಯಾಯಿತಿಯು ರದ್ದಾಯಿತು. ಈಗ ಅವಧಿ ತೀರುವುದಕ್ಕೆ 1 ವರ್ಷ ಮೊದಲಿನಿಂದ, ತೀರಿದ ಮೇಲೆ 1 ವರ್ಷದವರೆಗೆ ನವೀಕರಣಕ್ಕೆ ಅರ್ಜಿ ಕೊಡಬಹುದು. ಆದರೆ ಈ ಅವಕಾಶವು ಅರ್ಜಿ ಕೊಡುವುದಕ್ಕೇ ಹೊರತು ವಾಹನ ನಡೆಸುವುದಕ್ಕಲ್ಲ. ತಡವಾಗಿ ಪಡೆದ ನವೀಕರಣವು ಅಂದಿನಿಂದಲೇ ಜಾರಿಗೆ ಬರುವುದಾದ್ದರಿಂದ, ನಡುವಣ ದಿವಸಗಳಲ್ಲಿ ಲೈಸೆನ್ಸು ಇಲ್ಲದಂತೆಯೇ ಸರಿ. ಆ ಕಾಲದಲ್ಲಿ ಸಂತೆಗೆ ಮಾಲು ಸಾಗಿಸುವಾಗ ಅಪಘಾತವಾದರೆ, ಗಾಯಗೊಂಡವರಿಗೆ ವಿಮಾ ಕಂಪೆನಿಯು ಕೊಟ್ಟ ಪರಿಹಾರವನ್ನು ಟ್ರ್ಯಾಕ್ಟರಿನ ಯಜಮಾನನಿಂದಲೇ ವಸೂಲು ಮಾಡುವ ಸಂಭವವುಂಟು. ಹೊಲ ಮಾರಿದರೂ ತೀರದ ಸಾಲವು ಹೀಗೆ ತಲೆಯ ಮೇಲೆ ಬೀಳಬಹುದು.

1 ವರ್ಷವೂ ಮೀರಿದಲ್ಲಿ ಪುನಃ ಚಾಲನಾ ಪರೀಕ್ಷೆಯಲ್ಲಿ ತೇರ್ಗಡೆ ಹೊಂದತಕ್ಕದ್ದು. ಅರ್ಜಿಯನ್ನು ‘ಸಾರಥಿ’ ಜಾಲತಾಣದ ಮೂಲಕ ಸಲ್ಲಿಸಬಹುದು. 40 ವರ್ಷ ವಯಸ್ಸು ದಾಟಿದವರು ನಮೂನೆ 1-ಎಯಲ್ಲಿ ವೈದ್ಯರ ಸರ್ಟಿಫಿಕೇಟನ್ನೂ ಲಗತ್ತಿಸಬೇಕು.

ಆದಕಾರಣ ರೈತರು ಲೈಸೆನ್ಸಿನಲ್ಲಿ ನಮೂದಿಸಿರುವ ಕೊನೆಯ ತಾರೀಖನ್ನು ಇಂದೇ ನೋಡಿ, ಹೊಲದ ಕೆಲಸವು ಒದಗುವುದಕ್ಕೆ ಮೊದಲೇ ಅರ್ಜಿ ಹಾಕಿಕೊಳ್ಳುವುದು ಮೇಲು.