ಏರ್‌ಪೋರ್ಟ್ ಲೌಂಜ್‌ಗೆ ದುಡ್ಡು ಕೊಡಬೇಕಾ? ಒಂದು ಕೋಲ್ಕತ್ತಾ ಲೆಕ್ಕ

ಸಾಲ್ಟ್ ಲೇಕ್ ಸೆಕ್ಟರ್ ಫೈವ್, ನ್ಯೂ ಟೌನ್ ಕಡೆ ಕೆಲಸ ಮಾಡೋ ನಮ್ಮವರು ಊರಿಗೆ ಹೊರಟಾಗೆಲ್ಲ ನನ್ನನ್ನು ಕೇಳೋ ಪ್ರಶ್ನೆ ಇದು.

ಕೌಂಟರ್‌ನಲ್ಲಿ ಸಾವಿರ ರೂಪಾಯಿ ಕೇಳಿದರು ಅಂತಿಟ್ಟುಕೊಳ್ಳಿ. ಅದನ್ನು ಒಳಗಿರೋ ಬಫೆ ಜೊತೆ ಹೋಲಿಸಬೇಡಿ. ಲೌಂಜ್ ಇಲ್ಲದಿದ್ದರೆ ನೀವು ನಿಜವಾಗಿ ಎಷ್ಟು ಖರ್ಚು ಮಾಡ್ತಿದ್ರಿ, ಅದರ ಜೊತೆ ಹೋಲಿಸಿ. ದೇಶದ ಮೊದಲ ಉಡಾನ್ ಯಾತ್ರಿ ಕೆಫೆ 2024ರ ಡಿಸೆಂಬರ್‌ನಲ್ಲಿ ಶುರುವಾಗಿದ್ದು ಇದೇ ಕೋಲ್ಕತ್ತಾ ಏರ್‌ಪೋರ್ಟಲ್ಲಿ. ಆಗ ಚಹಾ 10 ರೂಪಾಯಿ, ಸಮೋಸ 20. ಮುಕ್ಕಾಲು ಗಂಟೆ ಕಾಯೋಕೆ ಇನ್ನೇನು ಬೇಕು?

'ನಂಗೆ ಕಾರ್ಡಲ್ಲಿ ಫ್ರೀ, 2 ರೂಪಾಯಿ ಸ್ವೈಪ್ ಅಷ್ಟೇ' ಅನ್ನೋರೂ ಇದ್ದಾರೆ. ಷರತ್ತು ಓದಿ. 2024ರ ಏಪ್ರಿಲ್‌ನಿಂದ ಐಸಿಐಸಿಐ ಬ್ಯಾಂಕಿನ ಹಲವು ಕಾರ್ಡ್‌ಗಳಿಗೆ ಹಿಂದಿನ ತ್ರೈಮಾಸಿಕದಲ್ಲಿ 35,000 ರೂಪಾಯಿ ಖರ್ಚು ಮಾಡಿರಲೇಬೇಕು ಅಂತ ಬಂತು. ಅದನ್ನು ಮುಟ್ಟಿಸೋಕೆ ಬೇಡದ ಹೆಡ್‌ಫೋನ್ ಕೊಂಡರೆ, ಆ ಫ್ರೀ ಇಡ್ಲಿ ತುಂಬಾ ದುಬಾರಿ ಬಿತ್ತು.

ಆದ್ರೆ ಅಮ್ಮ ಜೊತೆಗಿದ್ದು ಬೆಂಗಳೂರು ಫ್ಲೈಟ್ ಮೂರು ಗಂಟೆ ಲೇಟ್ ಅಂದ್ರೆ ನಾನು ಲೆಕ್ಕ ಹಾಕಲ್ಲ. ಮಂಡಿನೋವಿರೋರಿಗೆ ಮೆತ್ತಗಿನ ಸೋಫಾ, ಬಿಸಿ ಊಟ ಸಿಗುತ್ತೆ, ದುಡ್ಡು ಕೊಡ್ತೀನಿ. ಎಷ್ಟು ಹೊತ್ತು ಇರಬಹುದು ಅಂತ ಮಾತ್ರ ಮೊದಲೇ ಕೇಳ್ಕೊಳ್ಳಿ. ಸಾಮಾನ್ಯವಾಗಿ ಎರಡು ಮೂರು ಗಂಟೆ ಅಷ್ಟೇ. ಲೇಟ್ ಅಂತ ಗೊತ್ತಿದ್ರೆ ಸ್ವಲ್ಪ ತಡೆದು ಒಳಗೆ ಹೋಗಿ.