ಗುಂಡಿ, ದಾರ, ಗುಂಯ್

ಏಪ್ರಿಲ್ ಬಂತೆಂದರೆ ಮನೆಯಲ್ಲಿ ಎರಡು ರಾಶಿ ಬೀಳುತ್ತವೆ. ಒಂದು ಮದುವೆ ಕರೆಯೋಲೆಗಳದು, ಇನ್ನೊಂದು ರಜೆ ಸಿಕ್ಕ ಮಕ್ಕಳದು. ಎರಡಕ್ಕೂ ಒಟ್ಟಿಗೆ ಕೆಲಸ ಕೊಡುವ ಹಳೆಯ ಆಟಿಕೆಯೊಂದಿದೆ. ದಪ್ಪನೆಯ ಕರೆಯೋಲೆಯಿಂದ ಬಳೆಯಷ್ಟಗಲದ ಎರಡು ಬಿಲ್ಲೆ ಕತ್ತರಿಸಿ ಒಂದರ ಮೇಲೊಂದು ಅಂಟಿಸಬೇಕು. ನಡುಮಧ್ಯದಿಂದ ಸಮದೂರದಲ್ಲಿ, ಅತ್ತ ಒಂದು ಇತ್ತ ಒಂದು, ಎರಡು ತೂತು. ಅವುಗಳೊಳಗೆ ಎರಡು ಮಾರು ದಾರ ಪೋಣಿಸಿ ತುದಿಗಳನ್ನು ಗಂಟು ಹಾಕಿದರೆ ಕಟ್ಟುವ ಕೆಲಸ ಮುಗಿಯಿತು. ಎರಡೂ ಕೈಯ ಬೆರಳಿಗೆ ದಾರದ ಕುಣಿಕೆ ಸಿಕ್ಕಿಸಿ, ಬಿಲ್ಲೆಯನ್ನು ಗರಗರ ತಿರುಗಿಸಿ ದಾರಕ್ಕೆ ಹುರಿ ಏರಿಸಿ, ಎಳೆದರೆ: ಗುಂಯ್!

ಇದಕ್ಕೆ ಊರಿಗೊಂದು ಹೆಸರು. ಗಿರಗಿಟ್ಟಲೆ ಎಂದರೆ ಬಹಳ ಕಡೆ ಅರ್ಥವಾಗುತ್ತದೆ. ಕರೆಯೋಲೆಯ ಬದಲು ಹಳೆಯ ಕೋಟಿನ ದೊಡ್ಡ ಗುಂಡಿಯಾದರೂ ಆದೀತು. ಹಿಂದಿನ ತಲೆಮಾರಿನ ಹುಡುಗರು ಸೋಡಾ ಬಾಟಲಿಯ ತಗಡಿನ ಮುಚ್ಚಳವನ್ನು ಕಲ್ಲಿನಿಂದ ಜಜ್ಜಿ ಚಪ್ಪಟೆ ಮಾಡಿ, ಮೊಳೆಯಿಂದ ತೂತು ಹೊಡೆದು ತಿರುಗಿಸುತ್ತಿದ್ದರು. ಹಾಗೆ ತಿರುಗುವ ತಗಡಿನ ಅಂಚು ಕತ್ತರಿಸುವ ಗಾಲಿಯೇ ಸರಿ. ಅದರ ವೇಗ ಎಷ್ಟೆಂದು ತಿಳಿದಿದ್ದರೆ ಅಪ್ಪ ಅಮ್ಮ ಯಾರೂ ಅದನ್ನು ಮುಟ್ಟಗೊಡುತ್ತಿರಲಿಲ್ಲ.

ಮೊದಲ ಸಲ ಹಿಡಿದ ಮಗುವಿಗೆ ಇದು ಒಲಿಯುವುದಿಲ್ಲ. ಕಾರಣ ಹೆಚ್ಚುಕಡಿಮೆ ಯಾವಾಗಲೂ ಒಂದೇ: ಎಳೆದದ್ದನ್ನು ಮಗು ಬಿಡುವುದಿಲ್ಲ. ಹುರಿಗಟ್ಟಿದ ದಾರವನ್ನು ಎಳೆದಾಗ ಹುರಿ ಬಿಚ್ಚುತ್ತದೆ, ಬಿಲ್ಲೆ ರಭಸದಿಂದ ತಿರುಗುತ್ತದೆ. ಹುರಿ ಪೂರ್ತಿ ಬಿಚ್ಚಿದ ಕ್ಷಣದಲ್ಲಿ ಬಿಲ್ಲೆಯ ವೇಗ ಅತ್ಯಂತ ಹೆಚ್ಚು. ಆಗ ಕೈ ಸಡಿಲ ಬಿಟ್ಟರೆ ಬಿಲ್ಲೆ ತನ್ನ ಓಘದಲ್ಲೇ ಮುಂದೆ ಸುತ್ತಿ ದಾರಕ್ಕೆ ವಿರುದ್ಧ ದಿಕ್ಕಿನಲ್ಲಿ ಹೊಸ ಹುರಿ ಏರಿಸುತ್ತದೆ. ಓಘ ತೀರಿ ಅರೆಕ್ಷಣ ನಿಂತಾಗ ಮತ್ತೆ ಎಳೆಯಬೇಕು. ಉಯ್ಯಾಲೆ ತೂಗುವವರಿಗೆ ಈ ಗುಟ್ಟು ಗೊತ್ತು. ಯಾವಾಗ ನೂಕಬೇಕೋ ಆಗಷ್ಟೇ ನೂಕಬೇಕು. ಹತ್ತು ನಿಮಿಷದ ಸಿಟ್ಟು ಸೆಡವಿನ ನಂತರ ಆ ತಾಳ ಕೈಗೆ ತಾನಾಗಿ ಸಿಗುತ್ತದೆ. ಒಮ್ಮೆ ಸಿಕ್ಕಿದರೆ ಮರೆಯುವುದಿಲ್ಲ.

ಎಳೆದು ಬಿಟ್ಟು ತಿರುಗಿಸುವ ಯಂತ್ರ ನಮ್ಮ ಅಡುಗೆಮನೆಯಲ್ಲೇ ಇತ್ತು. ಮೊಸರು ಕಡೆಯುವ ಕಡಗೋಲಿಗೆ ಹಗ್ಗ ಸುತ್ತಿ, ಒಂದು ತುದಿ ಎಳೆದಾಗ ಇನ್ನೊಂದನ್ನು ಸಡಿಲಿಸುತ್ತಾರೆ. ಕೋಲು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತದೆ. ಬಡಗಿಯ ಬಿಲ್ಲು ಬೈರಿಗೆಯದೂ ಇದೇ ಉಪಾಯ. ಆದರೆ ಕಡಗೋಲು ಎಷ್ಟೇ ಜೋರಾಗಿ ಕಡೆದರೂ ಗುಂಯ್‌ಗುಡುವುದಿಲ್ಲ. ಲೆಕ್ಕ ಸರಳವಾಗಿದೆ. ಕೋಲಿನ ಸುತ್ತಳತೆ ಹತ್ತು ಸೆಂಟಿಮೀಟರ್ ಇದ್ದರೆ, ಹತ್ತು ಸೆಂಟಿಮೀಟರ್ ಹಗ್ಗ ಎಳೆದಾಗ ಸಿಗುವುದು ಒಂದೇ ಸುತ್ತು. ಕೋಲು ಸಣ್ಣದಾದಷ್ಟೂ ಅದೇ ಎಳೆತಕ್ಕೆ ಸುತ್ತು ಹೆಚ್ಚು.

ಗಿರಗಿಟ್ಟಲೆಯಲ್ಲಿ ಕೋಲೇ ಇಲ್ಲ. ದಾರದ ಒಂದು ಎಳೆ ಇನ್ನೊಂದು ಎಳೆಗೆ ಸುತ್ತಿಕೊಳ್ಳುತ್ತದೆ. ಎಳೆಯುವ ಹಗ್ಗವೂ ಅದೇ, ಬಿಲ್ಲೆ ತಿರುಗುವ ಅಚ್ಚೂ ಅದೇ. ಅಚ್ಚಿನ ದಪ್ಪ ದಾರದ ದಪ್ಪಕ್ಕಿಂತ ಹೆಚ್ಚಿಲ್ಲ. ಹಾಗಾಗಿ ಕೈ ನಾಲ್ಕು ಬೆರಳಗಲ ಸರಿಯುವಷ್ಟರಲ್ಲಿ ಬಿಲ್ಲೆ ಹತ್ತಾರು ಸುತ್ತು ತಿರುಗಿಬಿಡುತ್ತದೆ. ಮಕ್ಕಳ ಕಣ್ಣೆಲ್ಲ ಬಿಲ್ಲೆಯ ಮೇಲಿರುತ್ತದೆ, ಅದಕ್ಕೆ ಬಣ್ಣ ಬಳಿಯುತ್ತಾರೆ, ಹೂ ಬರೆಯುತ್ತಾರೆ. ಯಂತ್ರವಿರುವುದು ಮಾತ್ರ ದಾರದಲ್ಲಿ.

ವೇಗವನ್ನು ಮಕ್ಕಳೇ ಅಂದಾಜು ಮಾಡಬಹುದು. ಹುರಿ ಏರಿಸುವಾಗ ಸುತ್ತು ಎಣಿಸಲಿ. ಐವತ್ತು ಸುತ್ತಿನ ಹುರಿ ಅರ್ಧ ಸೆಕೆಂಡಿನಲ್ಲಿ ಬಿಚ್ಚಿದರೆ ಸೆಕೆಂಡಿಗೆ ನೂರು ಸುತ್ತು, ಅಂದರೆ ನಿಮಿಷಕ್ಕೆ 6,000. ಅದೂ ಸರಾಸರಿ. ಬಿಲ್ಲೆ ನಿಂತಲ್ಲಿಂದ ಹೊರಡುವುದರಿಂದ ತುತ್ತತುದಿಯ ವೇಗ ಇನ್ನೂ ಹೆಚ್ಚು. ಚೆನ್ನಾಗಿ ತಿರುಗಿದ ಗುಂಡಿ ನಿಮಿಷಕ್ಕೆ 10,000 ಸುತ್ತು ದಾಟುತ್ತದೆ. ತಲೆಯ ಮೇಲಿನ ಫ್ಯಾನು ಪೂರ್ತಿ ವೇಗದಲ್ಲೂ ನಾನೂರರ ಆಸುಪಾಸಿನಲ್ಲಿರುತ್ತದೆ. ಎರಡು ಸೆಂಟಿಮೀಟರ್ ಅಗಲದ ಗುಂಡಿ 10,000 ಸುತ್ತಿನ ವೇಗದಲ್ಲಿರುವಾಗ ಅದರ ಅಂಚಿಗೆ ಅಂಟಿದ ಧೂಳಿನ ಕಣವನ್ನು ಹೊರಕ್ಕೆ ಎಸೆಯುವ ಬಲ ಭೂಮಿಯ ಸೆಳೆತದ ಸುಮಾರು 1,100 ಪಟ್ಟು.

ಈ ಕೊನೆಯ ಅಂಕಿಯೇ ಆಟಿಕೆಯನ್ನು ಪ್ರಯೋಗಾಲಯದ ಮೇಜಿಗೆ ತಂದಿಟ್ಟಿತು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಹುಟ್ಟಿದ್ದು ಉತ್ತರ ಪ್ರದೇಶದ ಮೀರತ್‌ನಲ್ಲಿ, ಎಂಜಿನಿಯರಿಂಗ್ ಓದಿದ್ದು ಕಾನ್ಪುರದ ಐಐಟಿಯಲ್ಲಿ. ಕಾಗದ ಮಡಚಿ ಮಾಡುವ ಸೂಕ್ಷ್ಮದರ್ಶಕ ‘ಫೋಲ್ಡ್‌ಸ್ಕೋಪ್’ ಅವರ ಗುಂಪಿನದೇ. 2013ರಲ್ಲಿ ಉಗಾಂಡಕ್ಕೆ ಹೋಗಿದ್ದಾಗ ಅವರು ಒಂದು ಆರೋಗ್ಯ ಕೇಂದ್ರದಲ್ಲಿ ಸೆಂಟ್ರಿಫ್ಯೂಜನ್ನು ಬಾಗಿಲು ಮುಚ್ಚದಂತೆ ಒತ್ತಿಗೆ ಇಟ್ಟದ್ದನ್ನು ಕಂಡರು. ರಕ್ತವನ್ನು ಗರಗರ ತಿರುಗಿಸಿ ಅದರ ಕೆಂಪುಕಣ, ಪ್ಲಾಸ್ಮಾಗಳನ್ನು ಬೇರೆ ಮಾಡುವ ಯಂತ್ರ ಅದು. ಅಲ್ಲಿ ಕರೆಂಟೇ ಇರಲಿಲ್ಲ. ಕರೆಂಟಿಲ್ಲದ ಊರಿನಲ್ಲಿ ಅದಕ್ಕೆ ಬೇರೆ ಉಪಯೋಗವಾದರೂ ಏನು?

ವಾಪಸಾದ ಮೇಲೆ ಅವರ ಪ್ರಯೋಗಾಲಯದಲ್ಲಿ ಆಟಿಕೆಗಳ ಸಂತೆ ನೆರೆಯಿತು. ಮದ್ರಾಸ್ ಐಐಟಿಯಲ್ಲಿ ಓದಿ ಹೋಗಿದ್ದ ಸಾದ್ ಭಮ್ಲಾ ತಿರುಗುವುದನ್ನೆಲ್ಲ ತಿರುಗಿಸಿ ನೋಡಿದರು. ಯೋ–ಯೋ ಸೋತಿತು, ವೇಗ ಸಾಲದು. ಗುಂಡಿ–ದಾರದ ಗಿರಗಿಟ್ಟಲೆಯನ್ನು ಅತಿವೇಗದ ಕ್ಯಾಮೆರಾದ ಮುಂದೆ ಹಿಡಿದಾಗ ನಿಮಿಷಕ್ಕೆ ಹತ್ತು ಸಾವಿರಕ್ಕೂ ಮೀರಿದ ಸುತ್ತು ಲೆಕ್ಕಕ್ಕೆ ಸಿಕ್ಕಿತು. ಅಷ್ಟು ಹಳೆಯ ಆಟಿಕೆ, ಆದರೂ ಅದರ ಗಣಿತವನ್ನು ಯಾರೂ ಪೂರ್ತಿಯಾಗಿ ಬಿಡಿಸಿಟ್ಟಿರಲಿಲ್ಲ. ಉತ್ತರ ಯುರೋಪಿನಲ್ಲಿ ಹಂದಿಯ ಕಾಲಿನ ಎಲುಬಿಗೆ ತೂತು ಕೊರೆದು ಮಾಡಿದ ಗಿರಗಿಟ್ಟಲೆಗಳು ಉತ್ಖನನಗಳಲ್ಲಿ ಸಿಕ್ಕಿವೆ. ಅಮೆರಿಕದ ಮೂಲನಿವಾಸಿಗಳ ಮಕ್ಕಳೂ ಇದನ್ನು ತಿರುಗಿಸಿದವರೇ.

ಬಿಲ್ಲೆಯ ಅಗಲ, ದಾರದ ದಪ್ಪ ಮತ್ತು ಉದ್ದ, ಎಳೆಯುವ ಬಲ, ಗಾಳಿಯ ತಡೆ ಎಲ್ಲವನ್ನೂ ಸಮೀಕರಣಕ್ಕೆ ಇಳಿಸುವುದು ಮುಂದಿನ ಕೆಲಸ. ಇಲ್ಲಿ ದಾರದ ಇನ್ನೊಂದು ಗುಣ ಲೆಕ್ಕಕ್ಕೆ ಬಂತು. ಹುರಿ ಮಿತಿಮೀರಿದಾಗ ದಾರ ಸುಮ್ಮನೆ ಹೊಸೆದುಕೊಂಡು ನಿಲ್ಲುವುದಿಲ್ಲ, ತನ್ನ ಮೇಲೆ ತಾನೇ ಸುರುಳಿ ಬಿದ್ದು ಗಂಟುಗಂಟಾಗುತ್ತದೆ. ನಮ್ಮ ಜೀವಕೋಶಗಳಲ್ಲಿ ಡಿಎನ್‌ಎ ಎಳೆಗಳು ಸುರುಳಿಯ ಮೇಲೆ ಸುರುಳಿ ಬೀಳುವುದೂ ಹೀಗೇ. ಲೆಕ್ಕ ಕೈಗೆ ಬಂದ ಮೇಲೆ ಕಾಗದದ ಬಿಲ್ಲೆ, ಮೀನುಗಾಳದ ದಾರ ಮತ್ತು ಹಿಡಿದೆಳೆಯಲು ಎರಡು ಹಿಡಿಕೆಯಿಂದ ‘ಪೇಪರ್‌ಫ್ಯೂಜ್’ ತಯಾರಾಯಿತು. 2017ರ ಜನವರಿಯಲ್ಲಿ ‘ನೇಚರ್ ಬಯೋಮೆಡಿಕಲ್ ಎಂಜಿನಿಯರಿಂಗ್’ ಪತ್ರಿಕೆಯಲ್ಲಿ ಅದರ ವಿವರ ಪ್ರಕಟವಾಯಿತು. ತೂಕ ಎರಡು ಗ್ರಾಂ, ಖರ್ಚು 20 ಸೆಂಟ್, ಆಗಿನ ಲೆಕ್ಕದಲ್ಲಿ ಹದಿಮೂರು ಹದಿನಾಲ್ಕು ರೂಪಾಯಿ. ಅವರು ಮುಟ್ಟಿದ ಗರಿಷ್ಠ ವೇಗ ನಿಮಿಷಕ್ಕೆ 1,25,000 ಸುತ್ತು. ಬೆರಳು ಚುಚ್ಚಿ ತೆಗೆದ ರಕ್ತದಿಂದ ಪ್ಲಾಸ್ಮಾ ಬೇರೆಯಾಗಲು ಒಂದೂವರೆ ನಿಮಿಷ ಸಾಕು. ಮಲೇರಿಯಾ ಪರೋಪಜೀವಿಯನ್ನು ಪ್ರತ್ಯೇಕಿಸಲು ಹದಿನೈದು ನಿಮಿಷ ಬೇಕು. ಹದಿನೈದು ನಿಮಿಷ ಎಳೆಯುವವರ ರಟ್ಟೆಯ ಗತಿ ಏನು ಎಂಬುದು ಬೇರೆ ವಿಚಾರ.

ಕಸದಿಂದ ವಿಜ್ಞಾನ ತೆಗೆಯುವ ಇಂಥ ಕೆಲಸಕ್ಕೆ ನಮ್ಮಲ್ಲಿ ದೊಡ್ಡ ಪರಂಪರೆಯೇ ಇದೆ. ಕಾನ್ಪುರ ಐಐಟಿಯವರೇ ಆದ ಅರವಿಂದ ಗುಪ್ತ 1978ರಲ್ಲಿ ಪುಣೆಯ ಲಾರಿ ಕಾರ್ಖಾನೆಯ ಕೆಲಸದಿಂದ ರಜೆ ಪಡೆದು ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿ ಶಾಲೆಗಳಿಗೆ ಹೋದರು. ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಅವರು ಕಟ್ಟಿದ ರೇಖಾಗಣಿತದ ಆಕೃತಿಗಳು ಇವತ್ತಿಗೂ ಶಿಬಿರಗಳಲ್ಲಿ ಕಾಣುತ್ತವೆ.

ಮತ್ತೆ ಕರೆಯೋಲೆಗೆ ಬಂದರೆ, ಕೆಡುವುದೆಲ್ಲ ತೂತಿನಲ್ಲಿ. ಎರಡೂ ತೂತು ಮಧ್ಯದಿಂದ ಒಂದೇ ದೂರದಲ್ಲಿಲ್ಲದಿದ್ದರೆ ಬಿಲ್ಲೆ ಒದ್ದಾಡುತ್ತದೆ, ಗುಂಯ್ ಬದಲು ಪಟಪಟ ಸದ್ದು ಬರುತ್ತದೆ. ಕಣ್ಣಳತೆ ನಂಬದೆ ಕೈವಾರದಲ್ಲಿ ವೃತ್ತ ಎಳೆದು, ಮುಳ್ಳು ಚುಚ್ಚಿದ ಜಾಗದಿಂದ ಆಚೀಚೆ ಮೂರು ಮೂರು ಮಿಲಿಮೀಟರ್ ಗುರುತು ಮಾಡುವುದು ಒಳ್ಳೆಯದು. ಹೂ ಕಟ್ಟುವ ದಾರ ಬೇಗ ಸವೆದು ಹರಿಯುತ್ತದೆ. ಗೋಣಿ ಹೊಲಿಯುವ ದಾರ ಗಟ್ಟಿ, ಆದರೆ ದಪ್ಪ. ಗಾಳದ ದಾರ ಎರಡಕ್ಕೂ ಉತ್ತರ, ಬೆರಳು ಮಾತ್ರ ಕೊಯ್ಯುತ್ತದೆ. ಅದಕ್ಕೆ ಐಸ್‌ಕ್ರೀಂ ಕಡ್ಡಿ ಕಟ್ಟಿಕೊಂಡು ಎಳೆಯಬೇಕು. ಉದ್ದ ಕೂದಲಿದ್ದವರು ಜಡೆ ಹಿಂದಕ್ಕೆ ಹಾಕಿಕೊಳ್ಳಲಿ, ಬಿಲ್ಲೆ ಮುಖದ ಹತ್ತಿರ ಬಾರದಿರಲಿ.

ಬಿಲ್ಲೆಗೆ ಕಾಮನಬಿಲ್ಲಿನ ಏಳು ಬಣ್ಣ ಹಚ್ಚಿ ತಿರುಗಿಸಿದರೆ ಬಿಳಿ ಕಾಣುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಕ್ರೇಯಾನ್ ಬಣ್ಣದಲ್ಲಿ ಕಾಣುವುದು ಬಿಳಿಯಲ್ಲ, ತೊಳೆದು ತೊಳೆದು ಮಾಸಿದ ಪಂಚೆಯ ಬಣ್ಣ.

ಅದಕ್ಕಿಂತ ಮಜವಾದದ್ದು ಮಣ್ಣುನೀರಿನ ಪ್ರಯೋಗ. ಪ್ಲಾಸ್ಟಿಕ್ ಸ್ಟ್ರಾಗೆ 2022ರ ಜುಲೈಯಿಂದ ನಿಷೇಧವಿರುವುದರಿಂದ ಶಾಯಿ ಮುಗಿದ ಜೆಲ್ ಪೆನ್ನಿನ ರೀಫಿಲ್ ತೊಳೆದಿಟ್ಟುಕೊಳ್ಳಬೇಕು. ಎರಡು ಸೆಂಟಿಮೀಟರಿನ ಎರಡು ತುಂಡು ಮಾಡಿ, ಒಂದೊಂದು ತುದಿಯನ್ನು ದೊಡ್ಡವರು ಮೇಣದಬತ್ತಿಯ ಉರಿಗೆ ಹಿಡಿದು ಒತ್ತಿ ಮುಚ್ಚಲಿ. ಒಳಗೆ ಕೆಮ್ಮಣ್ಣು ಕದಡಿದ ನೀರು ತುಂಬಿ ಇನ್ನೊಂದು ತುದಿಯನ್ನೂ ಮುಚ್ಚಿ, ಬಿಲ್ಲೆಯ ಮೇಲೆ ಎದುರುಬದುರಾಗಿ, ಗಾಲಿಯ ಅರದಂತೆ ಟೇಪ್ ಹಾಕಿ ಬಿಗಿಯಬೇಕು. ಒಂದೇ ತುಂಡು ಅಂಟಿಸಿದರೆ ತೂಕ ಒಂದು ಕಡೆ ವಾಲಿ ಬಿಲ್ಲೆ ತಿರುಗುವುದೇ ಇಲ್ಲ. ಒಂದೆರಡು ನಿಮಿಷ ಎಳೆದು ನಿಲ್ಲಿಸಿ, ಬೆಳಕಿಗೆ ಹಿಡಿದು ನೋಡಿದರೆ ಅಂಚಿನ ಕಡೆಗೆ ಕೆಂಪು ಮಣ್ಣು ಒತ್ತರಿಸಿ ಕೂತಿರುತ್ತದೆ, ಮಧ್ಯದ ಕಡೆಗೆ ತಿಳಿನೀರು. ರೀಫಿಲ್ಲನ್ನು ಬೆರಳಿನಿಂದ ತಟ್ಟಿ ಮತ್ತೆ ಕದಡುವ ಕೆಲಸಕ್ಕೆ ಮನೆಯ ಅತಿ ಚಿಕ್ಕ ಮಗುವನ್ನು ನೇಮಿಸಬಹುದು.